ಹೊನ್ನಮೀನಿನ ಹುಣ್ಣು, ಸುಣ್ಣಕಲ್ಲಿನ ನೀರು

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಕಡೆ ಅಂಗಳದಲ್ಲಿ ಮೀನಿನ ತೊಟ್ಟಿ ಮಾಡಿಸಬೇಕೆಂದರೆ ಕಲ್ಲಿಗಾಗಿ ಅಲೆಯಬೇಕಾಗಿಲ್ಲ. ನಾಲ್ಕು ಪರಸಿ ನಿಲ್ಲಿಸಿ ಸಂದಿಗೆ ಸಿಮೆಂಟು ತುಂಬಿದರೆ ತೊಟ್ಟಿ ತಯಾರು. ಕಲ್ಲೂ ಇಲ್ಲಿಯದೇ, ಸಿಮೆಂಟೂ ಇಲ್ಲಿಯದೇ, ತುಂಬುವ ಬೋರಿನ ನೀರೂ ಬಹುಪಾಲು ಅದೇ ಸುಣ್ಣಕಲ್ಲಿನ ಪದರಗಳಿಂದ ಬಂದದ್ದು. ಅದರಲ್ಲಿ ಬಿಡುವ ಗೋಲ್ಡ್‌ಫಿಶ್ ಮಾತ್ರ ಹೊರಗಿನದು. ಚೀನಾದಲ್ಲಿ ಸಾವಿರ ವರ್ಷಕ್ಕೂ ಹಿಂದೆ ಸಾಕತೊಡಗಿದ ಗೆಂಡೆ ಕುಲದ ಈ ಮೀನು ಗಟ್ಟಿ ಜೀವ. ಹಾಗಿದ್ದೂ ಒಂದು ದಿನ ಅದರ ಮಗ್ಗುಲಲ್ಲಿ ಕೆಂಪು ಚುಕ್ಕೆ ಕಾಣುತ್ತದೆ, ಕೆಲವೇ ದಿನಗಳಲ್ಲಿ ಚುಕ್ಕೆ ಹುಣ್ಣಾಗುತ್ತದೆ. ಮನೆಯವರು ಕಂಗಾಲಾಗಿ ಕೈಗೆ ಸಿಕ್ಕಿದ್ದನ್ನು ತೊಟ್ಟಿಗೆ ಸುರಿಯುತ್ತಾರೆ: ಅಂಗಡಿಯವರು ಕೊಟ್ಟ ನೀಲಿ ದ್ರಾವಣ, ಟೆಟ್ರಾಸೈಕ್ಲಿನ್ ಕ್ಯಾಪ್ಸೂಲಿನ ಪುಡಿ, ಒಂದು ಹಿಡಿ ಸುಣ್ಣ. ಸುಣ್ಣಕಲ್ಲಿನ ನೀರಿನಲ್ಲಿ ಈ ಮದ್ದುಗಳಲ್ಲಿ ಕೆಲವು ಕೆಲಸವನ್ನೇ ಮಾಡುವುದಿಲ್ಲ. ಕೆಲವು ಮೀನಿನ ಜೀವಕ್ಕೇ ಎರವಾಗುತ್ತವೆ. ಯಾಕೆಂದು ತಿಳಿಯಲು ಮೊದಲು ಮೀನಿನ ಚರ್ಮವನ್ನು ನೋಡಬೇಕು.

ಹುರುಪೆ ಕಿತ್ತರೆ ಏನಾಗುತ್ತದೆ

ಮೀನಿನ ಹುರುಪೆಯನ್ನು ನಾವು ಉಗುರಿನಂಥ ಹೊರಹೊದಿಕೆ ಎಂದುಕೊಳ್ಳುತ್ತೇವೆ. ನಿಜದಲ್ಲಿ ಅದು ಒಳಚರ್ಮದಲ್ಲಿ ಬೇರೂರಿರುತ್ತದೆ. ಅದರ ಮೇಲೆ ಜೀವಂತ ಕೋಶಗಳ ತೆಳುಪದರವಿದೆ, ಆ ಪದರದ ಮೇಲೆ ಲೋಳೆ. ಆದ್ದರಿಂದ ಒಂದು ಹುರುಪೆ ಉದುರಿತೆಂದರೆ ಅಲ್ಲಿ ಚರ್ಮ ಹರಿದಿದೆ ಎಂದೇ ಲೆಕ್ಕ. ನಮ್ಮ ಗಾಯಕ್ಕೆ ಹಕ್ಕಳೆ ಕಟ್ಟುತ್ತದೆ, ಮೀನಿಗೆ ಆ ಅನುಕೂಲವಿಲ್ಲ. ಸುತ್ತಲಿನ ಕೋಶಗಳೇ ಜರುಗಿ ಬಂದು ಗಾಯವನ್ನು ಮುಚ್ಚಬೇಕು. ನೀರು ಶುದ್ಧವಿದ್ದರೆ ಈ ಕೆಲಸ ಗಂಟೆಗಳಲ್ಲೇ ಶುರುವಾಗುತ್ತದೆ.

ನೀರು ಕೆಟ್ಟಿದ್ದರೆ ಕಥೆ ಬೇರೆ. ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾಗಳು ಎಲ್ಲ ಕೆರೆ, ತೊಟ್ಟಿಗಳಲ್ಲೂ ಇರುತ್ತವೆ, ಆರೋಗ್ಯವಂತ ಮೀನಿನ ಮೈಮೇಲೂ ಇರುತ್ತವೆ. ಲೋಳೆ ಗಟ್ಟಿಯಾಗಿರುವಷ್ಟು ದಿನ ಅವುಗಳಿಂದ ತೊಂದರೆಯಿಲ್ಲ. ಲೋಳೆ ಸುಟ್ಟು, ಮೀನು ಸೊರಗಿದಾಗ ಅವು ಒಳನುಗ್ಗಿ ಮಾಂಸವನ್ನು ಕರಗಿಸುತ್ತವೆ. ಆಗ ಕಾಣುವ ಹುಣ್ಣಿಗೆ ಒಂದು ರೂಪವಿದೆ: ನಡುವೆ ಕೆಂಪು ಇಲ್ಲವೆ ಬೂದು ಬಣ್ಣದ ಗುಳಿ, ಅದರ ಸುತ್ತ ಬೆಳ್ಳನೆಯ ಅಂಚು, ಅಂಚಿನಾಚೆ ಎದ್ದುನಿಂತ, ಬುಡದಲ್ಲಿ ರಕ್ತ ಇಳಿದ ಹುರುಪೆಗಳು.

ಇದರ ಜೊತೆಗೆ ಇನ್ನೊಂದು ಅಪಾಯವಿದೆ. ಸಿಹಿನೀರ ಮೀನಿನ ರಕ್ತದಲ್ಲಿ ಸುಮಾರು ನೂರಕ್ಕೆ 0.9ರಷ್ಟು ಲವಣವಿರುತ್ತದೆ, ಸುತ್ತಲಿನ ನೀರಿನಲ್ಲಿ ಅದಕ್ಕಿಂತ ತೀರ ಕಡಿಮೆ. ಹೀಗಾಗಿ ನೀರು ಸದಾ ಮೀನಿನ ಮೈಯೊಳಗೆ ಇಳಿಯಲು ನೋಡುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತಲೇ ಇರುತ್ತದೆ. ಹುಣ್ಣು ತೆರೆದುಕೊಂಡಲ್ಲಿ ನೀರು ನುಗ್ಗುತ್ತದೆ, ಲವಣ ಸೋರುತ್ತದೆ. ಮೂತ್ರಪಿಂಡ ಸೋತಾಗ ಹೊಟ್ಟೆ ಉಬ್ಬಿ ಮೈಯ ಹುರುಪೆಗಳೆಲ್ಲ ನಿಮಿರುತ್ತವೆ. ಆ ಹಂತಕ್ಕೆ ಹೋದ ಮೀನು ಉಳಿಯುವುದು ಅಪರೂಪ.

ಅಮೋನಿಯಾ ವಿಷವಾಗುವ ಬಗೆ

ಭೀಮಾ ಮತ್ತು ಕಾಗಿಣಾ ನದಿಗಳ ನಡುವಿನ ಈ ನೆಲದ ಕೆಳಗೆ ಭೂವಿಜ್ಞಾನಿಗಳು ‘ಭೀಮಾ ಶಿಲಾಸಮೂಹ’ ಎನ್ನುವ ಸುಣ್ಣಕಲ್ಲಿನ ಹಾಸುಗಳಿವೆ. ಪರಸಿ ಸಿಗುವುದು ಅಲ್ಲಿಂದ, ಸಿಮೆಂಟ್ ಕಾರ್ಖಾನೆಗಳಿಗೆ ಕಚ್ಚಾವಸ್ತುವೂ ಅದೇ. ಈ ಕಲ್ಲಿನೊಳಗೆ ಇಂಗಿ ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಕರಗಿರುತ್ತವೆ. ನೀರು ಕಾಯಿಸುವ ಹಂಡೆಯೊಳಗೆ ಬೆಳ್ಳಗೆ ಕಟ್ಟುವ ಪದರ ಅದರದೇ ಗುರುತು. ಇಂಥ ನೀರಿನ ಪಿಎಚ್ ಸಾಮಾನ್ಯವಾಗಿ 7ಕ್ಕಿಂತ ಮೇಲಿರುತ್ತದೆ, ತೊಟ್ಟಿಯಲ್ಲಿ ಗಾಳಿಗೆ ತೆರೆದುಕೊಂಡಾಗ 8 ದಾಟುವುದೂ ಉಂಟು. ಹೊಸ ಸಿಮೆಂಟು ಅದನ್ನು ಇನ್ನೂ ಏರಿಸುತ್ತದೆ.

ಗಡಸು ನೀರು ಗೋಲ್ಡ್‌ಫಿಶ್‌ಗೆ ತಾನಾಗಿಯೇ ಕೆಟ್ಟದ್ದಲ್ಲ. ಅದರಲ್ಲಿ ಮೀನಿನ ಹೊಲಸು ಸೇರಿದಾಗ ಕಷ್ಟ ಶುರುವಾಗುತ್ತದೆ. ಮೀನು ಕಿವಿರಿನಿಂದ ಅಮೋನಿಯಾವನ್ನು ಹೊರಬಿಡುತ್ತದೆ. ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತದೆ: ಅಷ್ಟಾಗಿ ಹಾನಿ ಮಾಡದ ಅಮೋನಿಯಂ, ಚರ್ಮ ಮತ್ತು ಕಿವಿರನ್ನು ಸುಡುವ ಅಮೋನಿಯಾ. ಯಾವುದು ಎಷ್ಟು ಎಂಬುದನ್ನು ಪಿಎಚ್ ಮತ್ತು ಉಷ್ಣತೆ ನಿರ್ಧರಿಸುತ್ತವೆ. 25 ಡಿಗ್ರಿ ಸೆಲ್ಸಿಯಸ್, ಪಿಎಚ್ 7ರಲ್ಲಿ ವಿಷರೂಪದ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಅದೇ ಉಷ್ಣತೆಯಲ್ಲಿ ಪಿಎಚ್ 8 ಆದರೆ ಸುಮಾರು 5. ನೀರು 30 ಡಿಗ್ರಿಗೆ ಕಾದು ಪಿಎಚ್ 8.5 ಮುಟ್ಟಿದರೆ ಸುಮಾರು 20. ಹೊಲಸು ಅಷ್ಟೇ ಇದ್ದರೂ ವಿಷ ಇಪ್ಪತ್ತು ಪಟ್ಟು ಮೀರುತ್ತದೆ.

ಕಲಬುರಗಿ ಜಿಲ್ಲೆಯ ಮೇ ತಿಂಗಳನ್ನು ಬಲ್ಲವರಿಗೆ ಉಳಿದದ್ದು ಅರ್ಥವಾಗುತ್ತದೆ. ಗಾಳಿ 40 ಡಿಗ್ರಿ ದಾಟಿದಾಗ ಎರಡಡಿ ಆಳದ ತೊಟ್ಟಿ ಬೇಗ ಕಾಯುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುವ ನೀರು 30 ಡಿಗ್ರಿಯಲ್ಲಿ ಏಳೂವರೆಯಷ್ಟೇ ಹಿಡಿಯುತ್ತದೆ. ಪಾಚಿಯಿಂದ ಹಸಿರಾದ ನೀರಿನ ಪಿಎಚ್ ಸಂಜೆಗೆ ಇನ್ನಷ್ಟು ಏರುತ್ತದೆ. ಆವಿಯಾಗಿ ಇಳಿದ ನೀರಿನ ಜಾಗಕ್ಕೆ ಬೋರಿನ ನೀರನ್ನೇ ತುಂಬುತ್ತ ಹೋದರೆ ಲವಣಗಳು ಒಳಗೇ ಉಳಿದು ಗಡಸುತನ ಹೆಚ್ಚುತ್ತದೆ. ಇಷ್ಟೆಲ್ಲ ಸಹಿಸಿದ ಮೀನಿನ ಲೋಳೆ ತೆಳುವಾದಾಗ ಹುಣ್ಣು ಮೇಲೆ ಬರುತ್ತದೆ.

ಕಾರಣ ಹುಡುಕುವ ಕ್ರಮ

ಮೊದಲ ಪ್ರಶ್ನೆ, ಹುಣ್ಣು ಎಷ್ಟು ಮೀನುಗಳಿಗೆ ಆಗಿದೆ? ಒಂದಕ್ಕೇ ಆಗಿದ್ದು ಉಳಿದವು ಚುರುಕಾಗಿದ್ದರೆ ಪೆಟ್ಟು ಬಿದ್ದಿರುವ ಸಾಧ್ಯತೆ ಹೆಚ್ಚು. ಕೊಕ್ಕರೆಯ ಕೊಕ್ಕು, ಬೆಕ್ಕಿನ ಉಗುರು, ಕೊಯ್ದ ಪರಸಿಯ ಹರಿತ ಅಂಚು, ಇವೆಲ್ಲ ಹುರುಪೆ ಕೀಳುತ್ತವೆ. ಹಲವಕ್ಕೆ ಒಟ್ಟಿಗೆ ಆಗಿದ್ದರೆ ನೀರು ಅಥವಾ ಪರೋಪಜೀವಿ ಕಾರಣ.

ಎರಡನೆಯದು ನಡವಳಿಕೆ. ಮೀನು ಮೈಯನ್ನು ಕಲ್ಲಿಗೆ ಉಜ್ಜುತ್ತಿದ್ದರೆ ಚರ್ಮದಲ್ಲಿ ಪರೋಪಜೀವಿಗಳಿರಬಹುದು. ಮೇಲೆ ಬಂದು ಬಾಯಿ ತೆರೆದು ಏದುತ್ತಿದ್ದರೆ ಆಮ್ಲಜನಕದ ಕೊರತೆ ಅಥವಾ ಕಿವಿರಿಗೆ ಹಾನಿ. ಮೂರನೆಯದು ನೀರಿನ ಪರೀಕ್ಷೆ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಕಿಟ್‌ನಿಂದ ಅಮೋನಿಯಾ, ನೈಟ್ರೈಟ್, ಪಿಎಚ್ ಅಳೆಯಬೇಕು. ಪಿಎಚ್ಚನ್ನು ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ ನೋಡಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕಾದವು.

ನಾಲ್ಕನೆಯದು ಹತ್ತಿರದ ನೋಟ. ಮೀನನ್ನು ತೊಟ್ಟಿಯದೇ ನೀರು ತುಂಬಿದ ಬಿಳಿ ಬಕೆಟ್ಟಿಗೆ ತೆಗೆದುಕೊಂಡು ಬಿಸಿಲಲ್ಲದ ಬೆಳಕಿನಲ್ಲಿ ನೋಡಿ. ಹುಣ್ಣಿನ ನಡುವಿನಿಂದ ದಾರದ ತುಂಡಿನಂಥದು ಹೊರಗೆ ಚಾಚಿದ್ದು, ತುದಿಯಲ್ಲಿ ಎರಡು ಕಿರುಚೀಲ ಜೋತಿದ್ದರೆ ಅದು ಲಂಗರು ಹುಳು. ಹೆಣ್ಣು ಹುಳು ತಲೆಯನ್ನು ಮಾಂಸದಲ್ಲಿ ನೆಟ್ಟಿರುತ್ತದೆ, ಚೀಲಗಳಲ್ಲಿ ಮೊಟ್ಟೆ. ಹುರುಪೆಗಳ ಮೇಲೆ ಬಿಲ್ಲೆಯಂತೆ ಅಂಟಿಕೊಂಡು ಸರಿದಾಡುವುದು ಮೀನಿನ ಹೇನು. ಹತ್ತಿಯಂತೆ ಬೆಳೆದದ್ದು ಶಿಲೀಂಧ್ರ, ಅದು ಬಹುಮಟ್ಟಿಗೆ ಸತ್ತ ಮಾಂಸದ ಮೇಲೆ ಬರುವ ಎರಡನೇ ಸೋಂಕು. ಕಣ್ಣಿಗೆ ಕಾಣದ ಕಿರುಹುಳುಗಳನ್ನು ಹಿಡಿಯಲು ಚರ್ಮದ ಲೋಳೆಯನ್ನು ಗಾಜಿನ ಪಟ್ಟಿಯ ಅಂಚಿನಿಂದ ಮೃದುವಾಗಿ ಸವರಿ, ಒಂದು ಹನಿ ತೊಟ್ಟಿಯ ನೀರು ಸೇರಿಸಿ, ತಡಮಾಡದೆ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಪಿಯು ಕಾಲೇಜಿನ ಪ್ರಯೋಗಾಲಯದ ಸೂಕ್ಷ್ಮದರ್ಶಕ ಇದಕ್ಕೆ ಸಾಕು. ಗೈರೊಡ್ಯಾಕ್ಟಿಲಸ್ ಎಂಬ ಹುಳು ಕಂಡರೆ ಅದರ ಹೊಟ್ಟೆಯಲ್ಲಿ ಮರಿಹುಳುವಿನ ಕೊಕ್ಕೆಗಳೂ ಕಾಣುತ್ತವೆ. ಮೊಟ್ಟೆಯಿಡದೆ ಮರಿ ಹಾಕುವ ಈ ಹುಳು ಬೆಚ್ಚನೆಯ ನೀರಿನಲ್ಲಿ ಬೇಗ ಹೆಚ್ಚುತ್ತದೆ.

ರೋಗವಲ್ಲದ ಎರಡು ಗುರುತುಗಳನ್ನೂ ತಿಳಿದಿರಬೇಕು. ಗಂಡು ಮೀನಿನ ಕಿವಿರು ಮುಚ್ಚಳದ ಮೇಲೆ, ಎದೆಯ ಈಜುರೆಕ್ಕೆಯ ಮುಂಚೂಣಿಯಲ್ಲಿ ಸಾಲಾಗಿ ಏಳುವ ಬಿಳಿ ಬೊಕ್ಕೆಗಳು ಸಂತಾನಕಾಲದ ಲಕ್ಷಣ. ವಾಸಿಯಾಗುತ್ತಿರುವ ಹುಣ್ಣಿನ ಸುತ್ತ ಕಪ್ಪು ಬಣ್ಣ ಇಳಿಯುವುದೂ ಉಂಟು, ಅದು ಚರ್ಮ ಮತ್ತೆ ಕಟ್ಟಿಕೊಳ್ಳುತ್ತಿರುವ ಗುರುತು.

ಸುಣ್ಣದ ಸಲಹೆ ಎಲ್ಲಿಂದ ಬಂತು

ಮೀನಿಗೆ ಹುಣ್ಣಾದರೆ ಸುಣ್ಣ ಹಾಕಿ ಎಂಬ ಮಾತಿಗೆ ಇತಿಹಾಸವಿದೆ. 1971ರಲ್ಲಿ ಜಪಾನಿನಲ್ಲಿ ಮೊದಲು ದಾಖಲಾದ ಒಂದು ಹುಣ್ಣುರೋಗ 1972ರಲ್ಲಿ ಆಸ್ಟ್ರೇಲಿಯಾದಲ್ಲಿ ಕಾಣಿಸಿಕೊಂಡಿತು. 1988ರಲ್ಲಿ ಈಶಾನ್ಯ ಭಾರತಕ್ಕೆ ಬಂದು ಮುಂದಿನ ವರ್ಷಗಳಲ್ಲಿ ದೇಶದ ಹಲವೆಡೆ ಹಬ್ಬಿತು. ಅಫನೊಮೈಸೆಸ್ ಇನ್ವೇಡನ್ಸ್ ಎಂಬ ಶಿಲೀಂಧ್ರದಂಥ ಜೀವಿ ಅದರ ಮೂಲ. ಮುರ್ರೆಲ್ ಜಾತಿಯ ಮೀನುಗಳು ಅದಕ್ಕೆ ಹೆಚ್ಚಾಗಿ ಬಲಿಯಾದವು. ಜೋರು ಮಳೆಯ ನಂತರ, ನೀರು ತಣ್ಣಗಾದಾಗ, ಕ್ಷಾರಗುಣ ಕಡಿಮೆಯಾದಾಗ ಈ ರೋಗ ಕೆರಳುತ್ತದೆ. ಅಂಥ ಕೊಳಗಳಿಗೆ ಸುಣ್ಣ ಹಾಕುವುದರಲ್ಲಿ ಅರ್ಥವಿದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನುಕೃಷಿ ಸಂಸ್ಥೆ ಈ ರೋಗಕ್ಕೆಂದೇ ‘ಸಿಫ್ಯಾಕ್ಸ್’ ಎಂಬ ಔಷಧವನ್ನೂ ತಯಾರಿಸಿತು.

ಆದರೆ ಪಿಎಚ್ ಆಗಲೇ 8 ದಾಟಿರುವ ಶಹಾಬಾದಿನ ತೊಟ್ಟಿಗೆ ಸುಣ್ಣ ಸುರಿದರೆ ಪಿಎಚ್ ಇನ್ನೂ ಏರಿ, ಅಮೋನಿಯಾದ ವಿಷರೂಪ ಒಮ್ಮೆಲೇ ಹೆಚ್ಚುತ್ತದೆ. ಅಸ್ಸಾಮಿನ ಕೊಳವನ್ನು ಉಳಿಸಿದ ಮದ್ದು ಇಲ್ಲಿ ರಾತ್ರಿ ಕಳೆಯುವುದರೊಳಗೆ ತೊಟ್ಟಿಯನ್ನು ಬರಿದು ಮಾಡಬಹುದು.

ಚಿಕಿತ್ಸೆ: ಮೊದಲು ನೀರು, ಆಮೇಲೆ ಉಪ್ಪು

ಮೊದಲ ದಿನ ಮೂರನೇ ಒಂದು ಭಾಗ ನೀರು ಬದಲಿಸಿ. ಹೊಸ ನೀರಿನ ಉಷ್ಣತೆ ಹಳೆಯದರ ಹತ್ತಿರವಿರಲಿ. ಬೋರಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಅದನ್ನು ಡ್ರಮ್ಮಿನಲ್ಲಿ ತುಂಬಿಟ್ಟು ಏರ್ ಪಂಪ್ ಬಿಟ್ಟು ಬಳಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಸೇರಿಸಿ. ಎರಡು ಮೂರು ದಿನ ಆಹಾರ ನಿಲ್ಲಿಸಿ, ಗೋಲ್ಡ್‌ಫಿಶ್‌ಗೆ ಅದರಿಂದ ತೊಂದರೆಯಿಲ್ಲ. ಮಧ್ಯಾಹ್ನದ ಬಿಸಿಲಿಗೆ ನೆರಳುಬಲೆ ಕಟ್ಟಿ.

ಮುಂದೆ ಕಲ್ಲುಪ್ಪು. ಲೀಟರಿಗೆ 3 ಗ್ರಾಂ ಎಂದರೆ ನೂರಕ್ಕೆ 0.3. ಇದರಿಂದ ಹುಣ್ಣಿನ ಮೂಲಕ ನುಗ್ಗುವ ನೀರು ಕಡಿಮೆಯಾಗಿ ಮೂತ್ರಪಿಂಡಕ್ಕೆ ವಿಶ್ರಾಂತಿ ಸಿಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ನೈಟ್ರೈಟನ್ನು ಕಿವಿರಿನೊಳಗೆ ಹೋಗದಂತೆ ತಡೆಯುತ್ತದೆ. ಅಳತೆಗೆ ಅಂದಾಜು ಬೇಡ. ತೊಟ್ಟಿಯ ಉದ್ದ, ಅಗಲ, ನೀರಿನ ಆಳವನ್ನು ಅಡಿಗಳಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಆರಡಿ ಉದ್ದ, ನಾಲ್ಕಡಿ ಅಗಲ, ಎರಡಡಿ ನೀರಿದ್ದರೆ ಸುಮಾರು 1,350 ಲೀಟರ್, ಉಪ್ಪು 4 ಕಿಲೋ. ಅದನ್ನು ಬಕೆಟ್ಟಿನಲ್ಲಿ ಕರಗಿಸಿ ಮೂರು ದಿನಗಳಲ್ಲಿ ಸೇರಿಸಿ. ಉಪ್ಪು ಆವಿಯಾಗುವುದಿಲ್ಲ, ನೀರು ಹೊರತೆಗೆದಾಗ ಮಾತ್ರ ಆ ಪಾಲಿನಷ್ಟು ಮತ್ತೆ ಹಾಕಬೇಕು. ತಾವರೆ, ನೈದಿಲೆ ಇದನ್ನು ತಾಳುವುದಿಲ್ಲ, ಮೊದಲೇ ಬೇರೆಡೆ ಇಡಿ.

ಹುಣ್ಣನ್ನು ಶುಚಿ ಮಾಡಬೇಕಾದರೆ ಮೀನನ್ನು ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ಅದರ ಕಣ್ಣನ್ನು ಬಟ್ಟೆಯಿಂದ ಮುಚ್ಚಿ, ಹತ್ತಿಕಡ್ಡಿಯಿಂದ ಪೊವಿಡೋನ್ ಅಯೋಡಿನ್ ಅನ್ನು ಹುಣ್ಣಿಗೆ ಮಾತ್ರ ಸವರಿ ಅರ್ಧ ನಿಮಿಷದಲ್ಲಿ ನೀರಿಗೆ ಬಿಡಿ. ಅದು ಕಿವಿರಿಗೆ ತಾಗಬಾರದು. ದಿನವೂ ಹಿಡಿದು ಒರೆಸಿದರೆ ಆಗಷ್ಟೇ ಜರುಗಿ ಬಂದ ಹೊಸ ಕೋಶಗಳು ಕಿತ್ತುಹೋಗುತ್ತವೆ. ಲಂಗರು ಹುಳುವನ್ನು ಬುಡದಲ್ಲೇ ಚಿಮಟದಿಂದ ಹಿಡಿದು ತೆಗೆಯಬಹುದು, ಆದರೆ ನೀರಿನಲ್ಲಿರುವ ಅದರ ಮರಿಗಳಿಗೆ ಪ್ರತ್ಯೇಕ ಔಷಧ ಬೇಕು.

ಗಡಸು ನೀರಿನಲ್ಲಿ ಬದಲಾಗುವ ಔಷಧಗಳು

ಟೆಟ್ರಾಸೈಕ್ಲಿನ್ ಕುಲದ ಔಷಧಗಳನ್ನು ಕ್ಯಾಲ್ಸಿಯಂ, ಮೆಗ್ನೀಸಿಯಂ ಕಟ್ಟಿಹಾಕುತ್ತವೆ. ಸುಣ್ಣಕಲ್ಲಿನ ನೀರಿಗೆ ಸುರಿದ ಕ್ಯಾಪ್ಸೂಲಿನ ಪುಡಿಯಲ್ಲಿ ಮೀನಿನ ಮೈ ಸೇರುವುದು ಅತ್ಯಲ್ಪ. ಉಳಿದದ್ದು ತೊಟ್ಟಿಯ ಬ್ಯಾಕ್ಟೀರಿಯಾಗಳಿಗೆ ಔಷಧವನ್ನು ಎದುರಿಸುವ ಪಾಠ ಕಲಿಸುತ್ತದೆ. ಮೈಲುತುತ್ತದ ತಾಮ್ರ ಕ್ಷಾರನೀರಿನಲ್ಲಿ ತಳಕ್ಕಿಳಿದು ನಿಷ್ಕ್ರಿಯವಾಗುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಹೆಚ್ಚಿನ ಪಿಎಚ್‌ನಲ್ಲಿ ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ಕಿವಿರಿನ ಮೇಲೆ ಕೂರುತ್ತದೆ, ಮೀನು ಉಸಿರುಗಟ್ಟುತ್ತದೆ. ಮೆಥಿಲೀನ್ ನೀಲಿ ಆಳದ ಹುಣ್ಣಿಗೆ ಮುಟ್ಟುವುದಿಲ್ಲ, ಬದಲಿಗೆ ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೆಡಿಸುತ್ತದೆ.

ಹುಣ್ಣು ಮಾಂಸದಾಳಕ್ಕೆ ಇಳಿದಿದ್ದರೆ ಆಂಟಿಬಯೋಟಿಕ್ ಬೇಕಾಗಬಹುದು. ಅದನ್ನು ಚುಚ್ಚುಮದ್ದಾಗಿ ಅಥವಾ ಆಹಾರದಲ್ಲಿ ಕೊಟ್ಟರೆ ನೀರಿನ ಗಡಸುತನ ಅಷ್ಟಾಗಿ ಅಡ್ಡಬರುವುದಿಲ್ಲ. ಯಾವ ಔಷಧ, ಎಷ್ಟು ಎಂಬುದನ್ನು ಪಶುವೈದ್ಯರು ನಿರ್ಧರಿಸಬೇಕು. ಸಾಧ್ಯವಾದರೆ ಹುಣ್ಣಿನ ಅಂಚಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿಯೇ ಆರಿಸಬೇಕು. ಪಶುವೈದ್ಯಕೀಯ ಮತ್ತು ಮೀನುಗಾರಿಕೆ ಎರಡನ್ನೂ ಕಲಿಸುವ ರಾಜ್ಯದ ವಿಶ್ವವಿದ್ಯಾಲಯ ಪಕ್ಕದ ಬೀದರಿನಲ್ಲೇ ಇದೆ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜೂ ಈಗ ಅದರ ಅಂಗ. ಹುಣ್ಣಾದ ಮೀನನ್ನು ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಮೀನಿನ ಕ್ಷಯ ಜಾತಿಯ ಬ್ಯಾಕ್ಟೀರಿಯಾ ಕೈಯ ಗಾಯದ ಮೂಲಕ ಮನುಷ್ಯರ ಚರ್ಮಕ್ಕೂ ತಗಲುತ್ತದೆ. ಔಷಧ ಬೆರೆತ ನೀರನ್ನು ಬಾವಿಗೆ, ಹಳ್ಳಕ್ಕೆ ಬಿಡಬೇಡಿ. ರೋಗದ ಮೀನನ್ನು ಕೆರೆಗೂ ಬಿಡಬೇಡಿ.

ಮುಂದೆ ಹುಣ್ಣಾಗದಂತೆ

ಹೊಸ ತೊಟ್ಟಿಗೆ ಹಲವು ಸಲ ನೀರು ತುಂಬಿಸಿ ಚೆಲ್ಲಿ, ಪಿಎಚ್ ಇಳಿದ ಮೇಲೆಯೇ ಮೀನು ಬಿಡಬೇಕು. ಪರಸಿಯ ಒಳ ಅಂಚುಗಳನ್ನು ಉಜ್ಜಿ ನುಣುಪು ಮಾಡಿಸಬೇಕು. ನೆಲ ತೊಳೆಯುವ ಆಸಿಡ್ ತೊಟ್ಟಿಯ ಹತ್ತಿರ ಬರಬಾರದು. ಹೊಸ ಮೀನನ್ನು ಮೂರು ನಾಲ್ಕು ವಾರ ಬೇರೆ ಟಬ್ಬಿನಲ್ಲಿಟ್ಟು ನೋಡಬೇಕು, ಲಂಗರು ಹುಳು ಮನೆಗೆ ಬರುವುದು ಹೆಚ್ಚಾಗಿ ಹೊಸ ಮೀನಿನ ಜೊತೆಗೇ.

ಎಲ್ಲಕ್ಕಿಂತ ಮುಖ್ಯವಾದ ಕೆಲಸವನ್ನು ಮೀನು ಚೆನ್ನಾಗಿರುವಾಗಲೇ ಮಾಡಿಡಬೇಕು. ಒಂದೇ ಜಿಲ್ಲೆಯಾದರೂ ನೀರು ಒಂದೇ ಅಲ್ಲ. ಚಿಂಚೋಳಿಯ ಕಡೆ ಕರಿಕಲ್ಲು, ಕೆಂಪು ಮುರಕಲ್ಲುಗಳ ಗುಡ್ಡಗಳಿವೆ, ಅಲ್ಲಿನ ಬಾವಿ ನೀರು ವಾಡಿಯ ಬೋರಿನ ನೀರಿನಂತೆ ಇರಬೇಕೆಂದಿಲ್ಲ. ಒಂದೇ ಓಣಿಯ ಎರಡು ಬೋರುಗಳಲ್ಲೂ ವ್ಯತ್ಯಾಸವಿರಬಹುದು. ಚಳಿಗಾಲ, ಬೇಸಿಗೆ, ಮಳೆಗಾಲಗಳಲ್ಲಿ ನಿಮ್ಮ ತೊಟ್ಟಿಯ ಪಿಎಚ್, ಗಡಸುತನ, ಉಷ್ಣತೆಯನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಹುಣ್ಣು ಕಾಣಿಸಿಕೊಂಡ ದಿನ ಪಶುವೈದ್ಯರ ಮುಂದೆ ಆ ಪುಟವನ್ನು ಇಟ್ಟರೆ ನೀರಿನಲ್ಲಿ ಏನು ಬದಲಾಗಿದೆ, ಅದರಲ್ಲಿ ಯಾವ ಔಷಧ ನಡೆಯುತ್ತದೆ ಎಂಬ ಎರಡೂ ಪ್ರಶ್ನೆಗಳಿಗೆ ಅವರು ಊಹೆಯಿಲ್ಲದೆ ಉತ್ತರಿಸಬಲ್ಲರು.