ಬಿಗಿ ಎಷ್ಟು, ಸಡಿಲ ಯಾವಾಗ?

ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಕಾರಿನ 2004ರ ಮಾದರಿಯಲ್ಲಿ ಹ್ಯಾಂಡ್‌ಬ್ರೇಕ್ ಪಕ್ಕಕ್ಕೆ ಹೆಬ್ಬೆರಳಿನಿಂದ ತಿರುಗಿಸುವ ಪುಟ್ಟ ಚಕ್ರವೊಂದಿದೆ. ಮುಂದಕ್ಕೆ ತಿರುಗಿಸಿದರೆ ಕಾರಿನ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಹಂತಹಂತವಾಗಿ ಒಂದಕ್ಕೊಂದು ಬಿಗಿಯುತ್ತವೆ, ಹಿಂದಕ್ಕೆ ತಿರುಗಿಸಿದರೆ ಸಡಿಲವಾಗುತ್ತವೆ. ಎಂಜಿನ್ ಅದೇ, ಟೈರ್ ಅದೇ, ರಸ್ತೆಯೂ ಅದೇ. ಆದರೂ ಆ ಚಕ್ರ ನಾಲ್ಕು ಹಲ್ಲು ಸರಿದರೆ ತಿರುವಿನಲ್ಲಿ ಕಾರಿನ ವರ್ತನೆಯೇ ಬೇರೆ. ಕಾರಿನ ಸ್ವಭಾವವನ್ನು ಚಾಲಕನ ಹೆಬ್ಬೆರಳಿಗೆ ಇಷ್ಟು ನೇರವಾಗಿ ಒಪ್ಪಿಸಿದ ಕಂಪನಿಗಳು ಬಹಳ ಕಡಿಮೆ.

ಈ ವ್ಯವಸ್ಥೆಯ ಹೆಸರು ಡಿಸಿಸಿಡಿ. ಚಾಲಕನೇ ನಿಯಂತ್ರಿಸುವ ಸೆಂಟರ್ ಡಿಫರೆನ್ಷಿಯಲ್, ಅಂದರೆ ಮುಂದಿನ ಹಿಂದಿನ ಆಕ್ಸಲ್‌ಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಜೋಡಣೆ. ಜಪಾನಿನಲ್ಲಿ 1994ರ ಇಂಪ್ರೆಜಾ ಎಸ್‌ಟಿಐ ಟೈಪ್ ಆರ್‌ಎ ಮಾದರಿಯಲ್ಲಿ ಇದು ಬಂತು. ಅದಕ್ಕೂ ಮೊದಲು, 1980ರ ಆಡಿ ಕ್ವಾಟ್ರೊದಲ್ಲೂ ಸೆಂಟರ್ ಡಿಫರೆನ್ಷಿಯಲ್ ಲಾಕ್ ಮಾಡುವ ಗುಂಡಿ ಇತ್ತು. ಆದರೆ ಅಲ್ಲಿ ಇದ್ದದ್ದು ಎರಡೇ ಸ್ಥಿತಿ: ಪೂರ್ತಿ ಲಾಕ್, ಇಲ್ಲವೇ ಪೂರ್ತಿ ಬಿಡುಗಡೆ. ಸುಬಾರು ಕೊಟ್ಟದ್ದು ಇವೆರಡರ ನಡುವಿನ ಜಾಗವನ್ನು. ಆ ನಡುವಿನ ಜಾಗವನ್ನು ಕಾರ್ಖಾನೆ ಕೊಟ್ಟ ಕಂಪ್ಯೂಟರಿಗಿಂತ ಚೆನ್ನಾಗಿ ಬಳಸುತ್ತೇವೆ ಎನ್ನುವವರು ಹುಟ್ಟಿಕೊಂಡದ್ದರಿಂದಲೇ ಇವತ್ತು ಆಫ್ಟರ್‌ಮಾರ್ಕೆಟ್ ಸೆಂಟರ್ ಡಿಫರೆನ್ಷಿಯಲ್ ಕಂಟ್ರೋಲರ್‌ಗಳ ಒಂದು ಲೋಕವೇ ಇದೆ. ಇವುಗಳನ್ನು ಮಾರುವವರು ಮಾತನಾಡುವುದು ಹೆಚ್ಚಾಗಿ ಲಾಕ್ ಬಗ್ಗೆ. ಆದರೆ ಒಂದು ಕಂಟ್ರೋಲರ್ ಒಳ್ಳೆಯದೋ ಅಲ್ಲವೋ ಎಂಬುದು ಗೊತ್ತಾಗುವುದು ಅದು ಲಾಕನ್ನು ಯಾವಾಗ, ಹೇಗೆ ಬಿಡುತ್ತದೆ ಎಂಬುದರಿಂದ.

ಒಂದೂವರೆ ಮೀಟರಿನ ಲೆಕ್ಕ

ಮಲೆನಾಡಿನಲ್ಲಿ ಜೀಪು, ಜಿಪ್ಸಿ, ಥಾರ್ ಓಡಿಸಿದವರಿಗೆ ಈ ಸಂಗತಿಯ ಅರ್ಧ ಪಾಠ ಆಗಲೇ ಆಗಿರುತ್ತದೆ. ಕೆಸರಿನಲ್ಲಿ ಫೋರ್ ವ್ಹೀಲ್ ಹಾಕಿದ ಗಾಡಿಯನ್ನು ಹಾಗೆಯೇ ಒಣ ಡಾಂಬರಿಗೆ ತಂದು ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಗಾಡಿ ಹಿಡಿದುಕೊಳ್ಳುತ್ತದೆ, ಟೈರು ಕಿರ್ರೆನ್ನುತ್ತದೆ. ಆ ಗಾಡಿಗಳಲ್ಲಿ ಸೆಂಟರ್ ಡಿಫರೆನ್ಷಿಯಲ್ ಇಲ್ಲ. ಫೋರ್ ವ್ಹೀಲ್ ಹಾಕಿದೊಡನೆ ಮುಂದಿನ ಆಕ್ಸಲ್ ಹಿಂದಿನ ಆಕ್ಸಲ್ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಅದು ಸಾಧ್ಯವಾಗುವುದಿಲ್ಲ.

ಏಕೆಂದರೆ ಮುಂದಿನ ಚಕ್ರಗಳು ಹೊರಗಿನ ದಾರಿ ಹಿಡಿಯುತ್ತವೆ. ಎರಡೂವರೆ ಮೀಟರ್ ವೀಲ್‌ಬೇಸ್ ಇರುವ ಕಾರೊಂದು ಘಾಟಿಯ ಹೇರ್‌ಪಿನ್‌ನಲ್ಲಿ ಪೂರ್ತಿ ಹಿಂತಿರುಗುತ್ತದೆ ಎಂದುಕೊಳ್ಳಿ. ಹಿಂದಿನ ಆಕ್ಸಲ್‌ನ ನಡುಬಿಂದು 6 ಮೀಟರ್ ತ್ರಿಜ್ಯದಲ್ಲಿ ಹೋದರೆ ಮುಂದಿನದು 6.5 ಮೀಟರ್ ತ್ರಿಜ್ಯದಲ್ಲಿ ಹೋಗಬೇಕು. ಅರ್ಧ ಸುತ್ತು ಮುಗಿಯುವ ಹೊತ್ತಿಗೆ ಮುಂದಿನ ಆಕ್ಸಲ್ ಒಂದೂವರೆ ಮೀಟರಿಗಿಂತ ತುಸು ಹೆಚ್ಚೇ ನಡೆದಿರುತ್ತದೆ. ಅಂದರೆ ಶೇ 8ರಷ್ಟು ಹೆಚ್ಚು. ಇದೇ ಕಾರು 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಹೋದರೆ ವ್ಯತ್ಯಾಸ ಶೇ 0.12ಕ್ಕೆ ಇಳಿಯುತ್ತದೆ. ಹೆದ್ದಾರಿಯ ದೊಡ್ಡ ತಿರುವಿನಲ್ಲಿ ಲಾಕ್ ಇದ್ದರೂ ತೊಂದರೆ ಕಾಣದೆ, ಬಿಗಿ ತಿರುವಿನಲ್ಲಿ ಅದೇ ಲಾಕ್ ಕಾರಿನ ಮೂತಿಯನ್ನು ಹೊರಕ್ಕೆ ತಳ್ಳುವುದಕ್ಕೆ ಈ ಲೆಕ್ಕವೇ ಕಾರಣ.

ಇದೇ ಲೆಕ್ಕದಿಂದ ಇನ್ನೊಂದು ಎಚ್ಚರಿಕೆಯೂ ಹೊರಡುತ್ತದೆ. ಮುಂದಿನ ಟೈರುಗಳು ಸವೆದು ಸುತ್ತಳತೆ ಶೇ 1ರಷ್ಟು ಕಡಿಮೆಯಾದರೆ, ಕಾರು ನೆಟ್ಟಗೆ ಹೋಗುವಾಗಲೂ ಆ 50 ಮೀಟರ್ ತಿರುವಿನ ಎಂಟು ಪಟ್ಟು ವ್ಯತ್ಯಾಸವನ್ನು ಡಿಫರೆನ್ಷಿಯಲ್ ಸದಾ ಹೊರುತ್ತಿರುತ್ತದೆ. ನಾಲ್ಕೂ ಟೈರುಗಳ ಸುತ್ತಳತೆ ಕಾಲು ಇಂಚಿನೊಳಗೆ ಹೊಂದಿರಲಿ ಎಂದು ಸುಬಾರು ಹೇಳುವುದು ಇದಕ್ಕೇ. ಎರಡೇ ಟೈರು ಹೊಸದು ಹಾಕಿಸಿ ಹಣ ಉಳಿಸಿದವರು ಕೊನೆಗೆ ಗಿಯರ್‌ಬಾಕ್ಸ್‌ಗೆ ಅದಕ್ಕಿಂತ ಹೆಚ್ಚು ತೆರಬೇಕಾಗಿ ಬರಬಹುದು.

35:65 ಎಂಬುದು ಯಾವಾಗ ನಿಜ?

ಕೈಪಿಡಿಯಲ್ಲಿ ಎಸ್‌ಟಿಐಗೆ 35:65 ಎಂದು ಬರೆದಿರುತ್ತದೆ. ಮುಂದಕ್ಕೆ ಶೇ 35, ಹಿಂದಕ್ಕೆ ಶೇ 65 ಟಾರ್ಕ್, ಅಂದರೆ ತಿರುಗಿಸುವ ಬಲ. (2006ರ ಹೊತ್ತಿಗೆ ಇದು 41:59 ಆಯಿತು.) ಇದು ನಿಜವಾಗುವುದು ಡಿಫರೆನ್ಷಿಯಲ್ ಪೂರ್ತಿ ಬಿಡುಗಡೆಯಾಗಿದ್ದಾಗ ಮಾತ್ರ. ಆಗ ಟಾರ್ಕಿನ ಪಾಲು ಕಟ್ಟುನಿಟ್ಟು, ವೇಗ ಸ್ವತಂತ್ರ. ಪೂರ್ತಿ ಲಾಕ್ ಆದಾಗ ತಿರುಗುಮುರುಗು: ವೇಗ ಕಟ್ಟುನಿಟ್ಟು, ಟಾರ್ಕಿನ ಪಾಲು ಸ್ವತಂತ್ರ. ಯಾವ ಆಕ್ಸಲ್‌ಗೆ ಹಿಡಿತ ಹೆಚ್ಚೋ ಅದು ಹೆಚ್ಚು ಟಾರ್ಕ್ ಹೊರುತ್ತದೆ.

ಹಾಗಾಗಿ ಕಂಟ್ರೋಲರ್ ಟಾರ್ಕನ್ನು ಇಷ್ಟು ಮುಂದಕ್ಕೆ, ಇಷ್ಟು ಹಿಂದಕ್ಕೆ ಎಂದು ಕಳಿಸುವುದಿಲ್ಲ. ಎರಡು ಆಕ್ಸಲ್‌ಗಳ ವೇಗದ ವ್ಯತ್ಯಾಸಕ್ಕೆ ಎಷ್ಟು ಅಡ್ಡಿ ಒಡ್ಡಬೇಕು ಎಂಬುದಷ್ಟೇ ಅದರ ಕೈಯಲ್ಲಿರುವುದು. ಅಡ್ಡಿ ಒಡ್ಡಿದಾಗ ಟಾರ್ಕ್ ಯಾವತ್ತೂ ಬೇಗ ತಿರುಗುವ ಕಡೆಯಿಂದ ನಿಧಾನ ತಿರುಗುವ ಕಡೆಗೆ ಹರಿಯುತ್ತದೆ. ಆಕ್ಸಿಲರೇಟರ್ ಒತ್ತಿ ಹಿಂದಿನ ಚಕ್ರಗಳು ಜಾರತೊಡಗಿದರೆ ಟಾರ್ಕ್ ಮುಂದಕ್ಕೆ ಬಂದು ಕಾರು ನೇರವಾಗುತ್ತದೆ. ಅದೇ ಕಾರು ಬಿಗಿ ತಿರುವಿಗೆ ಹೊಕ್ಕಾಗ ಬೇಗ ತಿರುಗಬೇಕಾದ್ದು ಮುಂದಿನ ಚಕ್ರ. ಆಗ ಲಾಕ್ ಅದನ್ನು ಹಿಡಿದೆಳೆಯುತ್ತದೆ, ಕಾರು ತಿರುಗಲು ಒಲ್ಲೆನ್ನುತ್ತದೆ. ಲಾಕ್ ಒಂದೇ, ತಿರುವಿನ ಬಾಯಲ್ಲಿ ಶತ್ರು, ತಿರುವಿನಿಂದ ಹೊರಬರುವಾಗ ಮಿತ್ರ. ಇವೆರಡರ ನಡುವೆ ಇರುವುದು ಒಂದೆರಡು ಸೆಕೆಂಡ್. ಹೆಬ್ಬೆರಳಿನಿಂದ ಅಷ್ಟು ಬೇಗ ಚಕ್ರ ತಿರುಗಿಸುವುದು ಆಗದ ಮಾತು. ಎಲೆಕ್ಟ್ರಾನಿಕ್ಸ್ ಬೇಕಾಗುವುದು ಅಲ್ಲಿ.

ಮಿತ್ಸುಬಿಷಿ 2001ರಲ್ಲಿ ಲ್ಯಾನ್ಸರ್ ಎವೊ 7ಕ್ಕೆ ಆಕ್ಟಿವ್ ಸೆಂಟರ್ ಡಿಫರೆನ್ಷಿಯಲ್ ಕೂರಿಸಿತು. ಪಾಲು 50:50, ಬಿಗಿಯುವುದಕ್ಕೆ ಹೈಡ್ರಾಲಿಕ್ ಕ್ಲಚ್, ಆಯ್ಕೆಗೆ ಟಾರ್ಮ್ಯಾಕ್, ಗ್ರಾವೆಲ್, ಸ್ನೋ ಎಂಬ ಮೂರು ಮೋಡ್. ಇದರ ತಮ್ಮನಾದ ಎವೊ 10 ನಮ್ಮ ದೇಶಕ್ಕೆ 2010ರಲ್ಲಿ ಅಧಿಕೃತವಾಗಿಯೇ ಬಂತು. ನಿಸಾನ್‌ನ 1989ರ ಸ್ಕೈಲೈನ್ ಜಿಟಿ-ಆರ್ ಬೇರೆಯೇ ದಾರಿ ಹಿಡಿದಿತ್ತು. ಮೂಲತಃ ಹಿಂದಿನ ಚಕ್ರದ ಕಾರು ಅದು. ಸೆನ್ಸರ್‌ಗಳ ಮಾತು ಕೇಳಿ ಕಂಪ್ಯೂಟರ್ ಒಂದು ಕ್ಲಚ್ ಮೂಲಕ ಅರ್ಧದವರೆಗೆ ಟಾರ್ಕನ್ನು ಮುಂದಕ್ಕೆ ತರುತ್ತಿತ್ತು. ಆ ಕಾರು ಜಪಾನಿನ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್‌ನಲ್ಲಿ 1990ರಿಂದ 1993ರವರೆಗೆ ಓಡಿದ 29 ರೇಸುಗಳನ್ನೂ ಗೆದ್ದಿತು. ಜಪಾನಿನ ಟ್ಯೂನರ್‌ಗಳು ಅದಕ್ಕೂ ಕಂಟ್ರೋಲರ್ ಮಾಡಿದರು. ಅವುಗಳಲ್ಲಿ ಕೆಲವು, ಕಾರನ್ನು ಎಳೆಯುವ ಬಲ ಅಳೆಯುವ ಜಿ-ಸೆನ್ಸರ್‌ನಿಂದ ಬರುವ ಸಂಕೇತವನ್ನೇ ನಡುವೆ ಹಿಡಿದು ಬದಲಿಸಿ, ಮೂಲ ಕಂಪ್ಯೂಟರನ್ನು ನಂಬಿಸುತ್ತಿದ್ದವು. ಫೋಕ್ಸ್‌ವ್ಯಾಗನ್ ಮತ್ತು ಆಡಿ ಟಿಟಿಗಳ ಹಾಲ್ಡೆಕ್ಸ್ ಕೂಡ ಕ್ಲಚ್ ಜೋಡಣೆಯೇ ಹೊರತು ಡಿಫರೆನ್ಷಿಯಲ್ ಅಲ್ಲ. ಅದಕ್ಕೂ ಬದಲಿ ಕಂಟ್ರೋಲರ್‌ಗಳು ಸಿಗುತ್ತವೆ, ಮುಂದಿನ ಚಕ್ರ ಜಾರುವವರೆಗೆ ಕಾಯದೆ ಹಿಂದಿನ ಆಕ್ಸಲನ್ನು ಬೇಗ ಎಬ್ಬಿಸುವುದು ಅವುಗಳ ಮುಖ್ಯ ಕೆಲಸ.

ಗಿಯರ್‌ಬಾಕ್ಸ್ ಬಂತು, ಮಿದುಳು ಬರಲಿಲ್ಲ

ಈ ಕಂಟ್ರೋಲರ್ ಪೆಟ್ಟಿಗೆಗಳಿಗೆ ಬೇಡಿಕೆ ಹುಟ್ಟಿದ್ದು ರೇಸಿನ ಹುಚ್ಚಿನಿಂದ ಮಾತ್ರವಲ್ಲ. ಸಾಮಾನ್ಯ ಡಬ್ಲ್ಯುಆರ್‌ಎಕ್ಸ್‌ನ ಐದು ಗಿಯರಿನ ಪೆಟ್ಟಿಗೆ ಹೆಚ್ಚಿಸಿದ ಶಕ್ತಿಯನ್ನು ತಡೆಯುವುದಿಲ್ಲ ಎಂದು ಅಮೆರಿಕ, ಆಸ್ಟ್ರೇಲಿಯಾ, ಬ್ರಿಟನ್‌ನ ಸುಬಾರು ಮಾಲೀಕರು ಎಸ್‌ಟಿಐನ ಆರು ಗಿಯರಿನ ಪೆಟ್ಟಿಗೆಯನ್ನು ತಂದು ಕೂರಿಸತೊಡಗಿದರು. ಲೆಗಸಿಗೂ ಫಾರೆಸ್ಟರಿಗೂ ಹಾಗೆಯೇ ಮಾಡಿದರು. ಗಿಯರ್‌ಬಾಕ್ಸ್ ಒಳಗೆ ಡಿಸಿಸಿಡಿ ಇತ್ತು, ಆದರೆ ಅದನ್ನು ನಡೆಸುವ ಕಂಪ್ಯೂಟರ್, ಸೆನ್ಸರ್, ವೈರಿಂಗ್ ಆ ಕಾರಿನಲ್ಲಿರಲಿಲ್ಲ. ಕರೆಂಟ್ ಕೊಡದಿದ್ದರೆ ಡಿಫರೆನ್ಷಿಯಲ್ ಸದಾ ಸಡಿಲ. ಆ ಕೊರತೆ ತುಂಬಲು ಡಿಸಿಸಿಡಿ ಪ್ರೊ ಮೊದಲಾದ ಕಂಟ್ರೋಲರ್‌ಗಳು ಬಂದವು. ಕೆಲವು ಬರಿಯ ಕೈಗುಂಡಿಯ ಬದಲಿ. ಕೆಲವು ಥ್ರಾಟಲ್, ಬ್ರೇಕ್, ವೇಗ, ಪಕ್ಕಕ್ಕೆ ಎಳೆಯುವ ಬಲ ಎಲ್ಲವನ್ನೂ ಓದಿ ತಾವೇ ತೀರ್ಮಾನಿಸುತ್ತವೆ.

ಒಳಗಿನ ಕೆಲಸ ನೋಡಲು ಸರಳ. ಡಿಫರೆನ್ಷಿಯಲ್ ಒಳಗೆ ತಾಮ್ರದ ತಂತಿ ಸುತ್ತಿದ ಕಾಯಿಲ್ ಇದೆ. ಕರೆಂಟ್ ಹೆಚ್ಚಾದಷ್ಟೂ ಕಾಂತ ಬಲವಾಗುತ್ತದೆ, ಕ್ಲಚ್ ಪ್ಲೇಟುಗಳು ಬಿಗಿಯುತ್ತವೆ. ಕಂಟ್ರೋಲರ್ ಬ್ಯಾಟರಿಯ ಕರೆಂಟನ್ನು ಸೆಕೆಂಡಿಗೆ ಬಹಳ ಸಲ ಆನ್-ಆಫ್ ಮಾಡಿ, ಆನ್ ಇರುವ ಹೊತ್ತನ್ನು ಹೆಚ್ಚುಕಡಿಮೆ ಮಾಡಿ ಬಿಗಿಯನ್ನು ಹೊಂದಿಸುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ತಾಮ್ರ ಕಾದಂತೆ ಅದರ ರೋಧ ಏರುತ್ತದೆ. ಗಿಯರ್ ಆಯಿಲ್ ಜೊತೆ ಕಾಯಿಲ್ ಕೂಡ 20 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ ರೋಧ ಸುಮಾರು ಶೇ 30 ಹೆಚ್ಚುತ್ತದೆ. ವೋಲ್ಟೇಜ್ ಅಷ್ಟೇ ಇದ್ದರೆ ಕರೆಂಟ್ ಕಾಲುಭಾಗದಷ್ಟು ಕುಸಿಯುತ್ತದೆ. ಬೆಳಿಗ್ಗೆ ತಂಪಿನಲ್ಲಿ ಚಾಲಕ ಇಷ್ಟಪಟ್ಟು ಹೊಂದಿಸಿದ ಬಿಗಿ, ಹತ್ತು ಲ್ಯಾಪ್ ಓಡಿದ ಮೇಲೆ ಅದೇ ಗುರುತಿನಲ್ಲಿದ್ದರೂ ಅದೇ ಬಿಗಿಯಾಗಿರುವುದಿಲ್ಲ. ಕಾಯಿಲ್‌ನಲ್ಲಿ ಹರಿಯುವ ಕರೆಂಟನ್ನೇ ಅಳೆದು ಸರಿಪಡಿಸಿಕೊಳ್ಳುವ ಕಂಟ್ರೋಲರ್‌ಗೆ ಈ ತೊಂದರೆ ಇಲ್ಲ. ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ, ಪರದೆಯ ಬಣ್ಣ ಆಮೇಲೆ ನೋಡಿದರಾಯಿತು.

ಎರಡನೆಯ ಪ್ರಶ್ನೆ ಬ್ರೇಕಿನದು. ಬ್ರೇಕ್ ತುಳಿದಾಗ ಕಂಟ್ರೋಲರ್ ಏನು ಮಾಡುತ್ತದೆ? ಲಾಕ್ ಬಿಡದಿದ್ದರೆ ಎರಡು ಆಕ್ಸಲ್‌ಗಳು ಒಂದನ್ನೊಂದು ಎಳೆದಾಡುತ್ತವೆ. ಪ್ರತಿ ಚಕ್ರದ ವೇಗವನ್ನು ಬೇರೆಬೇರೆಯಾಗಿ ನೋಡಿ ಕೆಲಸ ಮಾಡುವ ಎಬಿಎಸ್‌ಗೆ ಗೊಂದಲವಾಗುತ್ತದೆ. ಡಾಂಬರಿನಲ್ಲಿ ಬ್ರೇಕ್ ತುಳಿದೊಡನೆ ಬಿಗಿ ಇಳಿಯಬೇಕು, ಆಗಲೇ ಮೂತಿ ತಿರುವಿನೊಳಕ್ಕೆ ಬರುವುದು. ಜಲ್ಲಿ ರಸ್ತೆಯಲ್ಲಿ ಮಾತ್ರ ಸ್ವಲ್ಪ ಬಿಗಿ ಉಳಿದರೆ ಒಳ್ಳೆಯದು. ಹಿಂದಿನ ಚಕ್ರಗಳು ತಟ್ಟನೆ ಕಟ್ಟಿಕೊಂಡು ಬಾಲ ಬೀಸುವುದನ್ನು ಅದು ತಡೆಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಾಗಲಂತೂ ಪೂರ್ತಿ ಬಿಡಲೇಬೇಕು. ಇಲ್ಲವಾದರೆ ಹಿಂದಿನ ಚಕ್ರದ ಜೊತೆಗೆ ಮುಂದಿನವೂ ಎಂಜಿನ್ನೂ ನಿಲ್ಲಲು ನೋಡುತ್ತವೆ. ಬಿಡುವ ವೇಗವೂ ಮುಖ್ಯ. ತಿರುವಿನ ನಡುವೆ ಶೇ 80ರಿಂದ ಸೊನ್ನೆಗೆ ಒಮ್ಮೆಗೇ ಬಿದ್ದರೆ ಕಾರಿನ ತೂಕ ಬೆಚ್ಚಿಬಿದ್ದಂತಾಗುತ್ತದೆ. ಇಳಿಜಾರಿನಂತೆ ಇಳಿಸಿದರೆ ಅದೇ ಕಾರು ವಿಧೇಯ. ಪ್ರೋಗ್ರಾಂ ಬರೆಯುವವರ ಪ್ರತಿಭೆ ಕಾಣುವುದು ಈ ಇಳಿಜಾರಿನಲ್ಲಿ. ಅದನ್ನು ಕ್ರೀಡೆಯ ಕಲೆಯೆಂದೇ ನಾನು ಗೌರವಿಸುತ್ತೇನೆ.

ರ‍್ಯಾಲಿ ಅಂಗಳದ ಹಗ್ಗಜಗ್ಗಾಟ

ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಈ ವಿಷಯದಲ್ಲಿ ನಿಲುವು ಬದಲಿಸುತ್ತಲೇ ಬಂದಿದೆ. 2006ರಲ್ಲಿ ಮುಂದಿನ ಹಿಂದಿನ ಆಕ್ಟಿವ್ ಡಿಫರೆನ್ಷಿಯಲ್‌ಗಳನ್ನು ನಿಷೇಧಿಸಿ ನಡುವಿನದನ್ನು ಉಳಿಸಿತು. 2011ರಲ್ಲಿ ನಡುವಿನದೂ ಹೋಯಿತು. 2017ರಲ್ಲಿ ಮರಳಿ ಬಂತು, 2022ರ ರ‍್ಯಾಲಿ 1 ನಿಯಮದಲ್ಲಿ ಮತ್ತೆ ಹೋಯಿತು. ಖರ್ಚು ಇಳಿಸಬೇಕೆಂಬ ಒತ್ತಾಯ ಒಂದು ಕಡೆ, ವೇಗದ ಮೋಹ ಇನ್ನೊಂದು ಕಡೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುರಸ್ತೆಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ನಡೆದ ವರ್ಷಗಳಲ್ಲಿ ಗೌರವ್ ಗಿಲ್ ಓಡಿಸಿದ ಸ್ಕೋಡಾ ಫೇಬಿಯಾದಲ್ಲೂ ಸೆಂಟರ್ ಡಿಫರೆನ್ಷಿಯಲ್ ಇರಲಿಲ್ಲ. ಮುಂದೆ ಹಿಂದೆ ಎರಡು ಮೆಕ್ಯಾನಿಕಲ್ ಡಿಫರೆನ್ಷಿಯಲ್, ಅಷ್ಟೇ. ನಡುವೆ ಸದಾ ಲಾಕ್ ಇದ್ದಂತೆಯೇ. 2013, 2016, 2017ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದವರು ಅವರು. ಸಡಿಲು ಮಣ್ಣಿನಲ್ಲಿ ಟೈರೇ ಜಾರಿ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ, ಹಾಗಾಗಿ ಲಾಕ್ ಅಲ್ಲಿ ಅಷ್ಟು ಕಾಡುವುದಿಲ್ಲ. ಡಾಂಬರಿನಲ್ಲಿ ಮಾತ್ರ ಅದರ ಬೆಲೆ ಪೂರ್ತಿ ತೆರಬೇಕು.

ಕೊಳ್ಳುವ ಮುನ್ನ

ಭಾರತದಲ್ಲಿ ಇಂಥ ಬದಲಾವಣೆ ಮಾಡಿಸುವವರು ಕಾನೂನನ್ನು ಮೊದಲು ನೋಡಬೇಕು. ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಟ್ರ್ಯಾಕ್‌ಗೆಂದೇ ಇಟ್ಟ ಕಾರಿನ ಮಾತು ಬೇರೆ. ವಿದೇಶದಲ್ಲಿರುವ ನಮ್ಮವರು ಅಲ್ಲಿಯ ವಿಮೆಯ ಷರತ್ತುಗಳನ್ನು ಓದಿಕೊಳ್ಳಬೇಕು. ಎವೊ 10 ಇಟ್ಟುಕೊಂಡವರು ಕಂಟ್ರೋಲರ್‌ಗೆ ಹಣ ಹಾಕುವ ಮೊದಲು ಅದರ ಹೈಡ್ರಾಲಿಕ್ ಪಂಪನ್ನು ಪರೀಕ್ಷಿಸಲಿ. ನೀರು, ಉಪ್ಪು, ತುಕ್ಕು ಸೇರಿ ಅದನ್ನು ತಿನ್ನುವುದು ಆ ಕಾರಿನ ಮಾಲೀಕರಿಗೆಲ್ಲ ಗೊತ್ತಿರುವ ಪೀಡೆ. ಪಂಪ್ ಒತ್ತಡ ಕೊಡದಿದ್ದರೆ ಎಂಥ ಪ್ರೋಗ್ರಾಂ ಬರೆದರೂ ಕ್ಲಚ್ ಬಿಗಿಯುವುದಿಲ್ಲ.

ಹೊಂದಿಸುವಾಗ ಪೂರ್ತಿ ಸಡಿಲದಿಂದ ಶುರು ಮಾಡಿ, ತೆರೆದ ಒದ್ದೆ ಬಯಲಿನಲ್ಲಿ ಒಂದೊಂದೇ ಹಂತ ಏರಿಸುವುದು ಸರಿಯಾದ ಕ್ರಮ. ಒದ್ದೆ ನೆಲದಲ್ಲಿ ಎಲ್ಲವೂ ಕಡಿಮೆ ವೇಗದಲ್ಲೇ ಗೊತ್ತಾಗುತ್ತದೆ, ಗಿಯರ್‌ಬಾಕ್ಸ್ ಮೇಲಿನ ಹೊರೆಯೂ ಕಡಿಮೆ. ಮೂತಿ ಹೊರಕ್ಕೆ ಹೋಗತೊಡಗಿದ ಹಂತವನ್ನು ಗುರುತು ಹಾಕಿಕೊಂಡು ಅದಕ್ಕಿಂತ ಒಂದು ಹಂತ ಕೆಳಗೆ ನಿಲ್ಲಬೇಕು. ಮಾರಾಟಗಾರರು ಕೊಟ್ಟ ಸಿದ್ಧ ಮ್ಯಾಪ್, ಅಂದರೆ ಬಿಗಿ-ಸಡಿಲದ ಪ್ರೋಗ್ರಾಂ, ಬೇರೆ ಟೈರಿಗೆ, ಬೇರೆ ಸಸ್ಪೆನ್ಷನ್‌ಗೆ ಬರೆದದ್ದು. ಅದನ್ನು ಕುರುಡಾಗಿ ಹಾಕಿಕೊಂಡು ಕಾರನ್ನು ಬೈಯುವುದು ಅನ್ಯಾಯ.

ಎವೊ ತಯಾರಿಕೆ ನಿಂತಿದೆ. ಎಸ್‌ಟಿಐ 2021ರ ಮಾದರಿಯೊಂದಿಗೆ ಮುಗಿಯಿತು, ಅದರ ನಂತರ ಬಂದ ಮ್ಯಾನ್ಯುಯಲ್ ಗಿಯರಿನ ಡಬ್ಲ್ಯುಆರ್‌ಎಕ್ಸ್‌ನಲ್ಲಿ ಇರುವುದು ಹಳೆಯ ಬಗೆಯ, ಚಾಲಕನ ನಿಯಂತ್ರಣಕ್ಕೆ ಸಿಗದ ವಿಸ್ಕಸ್ ಡಿಫರೆನ್ಷಿಯಲ್. ಉಳಿದ ಕಾರುಗಳ ಮೂಲ ಕಂಪ್ಯೂಟರ್‌ಗಳಿಗೆ ವಯಸ್ಸಾಗುತ್ತಿದೆ, ಕಾಯಿಲ್ ಮತ್ತು ಕ್ಲಚ್ ಪ್ಲೇಟುಗಳು ಮಾತ್ರ ಇನ್ನೂ ಗಟ್ಟಿಯಾಗಿವೆ. ವೇಗದ ಆಸೆಗೆಂದು ಹುಟ್ಟಿದ ಈ ಪುಟ್ಟ ಪೆಟ್ಟಿಗೆಗಳನ್ನು ಈಗ ಅನೇಕರು ಕೊಳ್ಳುತ್ತಿರುವುದು ಕಾರನ್ನು ಮೊದಲಿನಂತೆ ಓಡಿಸಲಿಕ್ಕೆ.