ಟ್ಯಾಲಿ ಓಪನ್ ಆಗ್ತಿಲ್ವಾ? ಫಾರ್ಮ್ಯಾಟ್ ಮಾಡಿಸೋ ಮೊದಲು ಇಷ್ಟು ನೋಡಿ

ಪ್ರತಿ ತಿಂಗಳು ರಿಟರ್ನ್ ಹಾಕುವವರಿಗೆ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಕೊನೇ ದಿನ. ತಡವಾದರೆ ದಿನಕ್ಕೆ 50 ರೂ. ಲೇಟ್ ಫೀ, ವ್ಯವಹಾರವೇ ಇಲ್ಲದ ನಿಲ್ ರಿಟರ್ನ್‌ಗೆ 20 ರೂ. ಇಂಥ ಹೊತ್ತಲ್ಲೇ ಟ್ಯಾಲಿ ಕೈಕೊಟ್ಟರೆ ಅಂಗಡಿಯವರು ಗಾಬರಿಯಾಗೋದು ಸಹಜ.

ಆದರೆ ಸಾಫ್ಟ್‌ವೇರ್ ಬೇರೆ, ಲೆಕ್ಕದ ಡೇಟಾ ಬೇರೆ. ಟ್ಯಾಲಿ ತೆರೆಯದಿದ್ದರೆ ಲೆಕ್ಕ ಹೋಯ್ತು ಅಂತಲ್ಲ. ಟ್ಯಾಲಿ ಪ್ರೈಮ್‌ನಲ್ಲಿ ಸಾಮಾನ್ಯವಾಗಿ ಸಿ ಡ್ರೈವ್‌ನ ಯೂಸರ್ಸ್, ಪಬ್ಲಿಕ್, ಟ್ಯಾಲಿಪ್ರೈಮ್ ಒಳಗಿನ ‘ಡೇಟಾ’ ಫೋಲ್ಡರ್‌ನಲ್ಲಿ ಲೆಕ್ಕ ಇರುತ್ತದೆ. ಮೊದಲು ಅದನ್ನು ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ.

ಆಮೇಲೆ ಒಂದೊಂದಾಗಿ ನೋಡಿ:

1. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಟ್ಯಾಲಿ ಹೆಸರು ಇದ್ದರೆ, ಅದು ಹಿಂದೆ ಸಿಕ್ಕಿಹಾಕಿಕೊಂಡಿದೆ ಅಂತರ್ಥ. ‘ಎಂಡ್ ಟಾಸ್ಕ್’ ಕೊಟ್ಟು ಮತ್ತೆ ತೆರೆಯಿರಿ.

2. ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಒತ್ತಿ.

3. ಕಂಪ್ಯೂಟರ್‌ನ ತಾರೀಖು ನೋಡಿ. ಮದರ್‌ಬೋರ್ಡ್ ಬ್ಯಾಟರಿ ಸತ್ತಿದ್ದರೆ ತಾರೀಖು ಹಿಂದಕ್ಕೆ ಹೋಗಿ ಲೈಸೆನ್ಸ್ ತಕರಾರು ಬರಬಹುದು.

4. ಆಂಟಿವೈರಸ್ ಕೆಲವೊಮ್ಮೆ ಟ್ಯಾಲಿ ಫೈಲನ್ನೇ ತಡೆದಿಡುತ್ತದೆ. ಅದರ ಕ್ವಾರಂಟೈನ್ ಪಟ್ಟಿ ನೋಡಿ.

ಟ್ಯಾಲಿ ತೆರೆದು, ಒಂದು ಕಂಪನಿ ಮಾತ್ರ ಎರರ್ ತೋರಿಸಿದರೆ ಡೇಟಾ ಕೆಟ್ಟಿರಬಹುದು. ಬಿಲ್ ಹಾಕುವಾಗಲೇ ಕರೆಂಟ್ ಹೋದರೆ ಹೀಗಾಗೋದುಂಟು. ಕಾಪಿ ಇಟ್ಟುಕೊಂಡೇ ‘ರಿಪೇರ್’ ಕೊಡಿ.

ಇಷ್ಟಕ್ಕೂ ಸರಿಯಾಗದಿದ್ದರೆ ಗೊತ್ತಿರೋ ಸರ್ವೀಸ್‌ನವರನ್ನು ಕರೆಯಿರಿ. ಪೆನ್‌ಡ್ರೈವ್ ನಿಮ್ಮ ಗಲ್ಲಾಪೆಟ್ಟಿಗೆ ಸೇರುವವರೆಗೆ ಫಾರ್ಮ್ಯಾಟ್‌ಗೆ ಮಾತ್ರ ಒಪ್ಪಬೇಡಿ.