ನೀರೋಗಿಗಳ ವೈದ್ಯರು

ವೈದ್ಯನೆಂದರೆ ರೋಗಿಯ ಬಳಿಗೆ ಬರತಕ್ಕವನೆಂಬುದೇ ನಮ್ಮಲ್ಲಿ ರೂಢಿಯಾದ ಭಾವನೆ. ಆದರೆ ಯಾವ ಬೇನೆಯೂ ಇಲ್ಲದ ದೃಢಕಾಯರನ್ನೇ ದಿನವೂ ಪರೀಕ್ಷಿಸುವ ವೈದ್ಯರೂ ಉಂಟು. ಅಂಥವರನ್ನು ತಯಾರುಮಾಡುವ ಶಾಲೆಯು ನಮ್ಮ ಬೆಂಗಳೂರಿನಲ್ಲಿಯೇ ಇರುವ ಸಂಗತಿಯನ್ನು ವಾಚಕರಲ್ಲಿ ಎಷ್ಟು ಮಂದಿ ಬಲ್ಲರೋ!

ಹಲಸೂರಿನಿಂದ ಪೂರ್ವಕ್ಕೆ ಹಳೆಯ ವಿಮಾನ ನಿಲ್ದಾಣದ ರಸ್ತೆಯನ್ನು ಹಿಡಿದರೆ ವಿಮಾನಪುರವು ಸಿಕ್ಕುವುದು. ವಾಲಚಂದ ಹೀರಾಚಂದರು ಮೈಸೂರು ಸರ್ಕಾರದೊಡನೆ ಕೂಡಿ 1940ರಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಯ ನೆರೆಯಲ್ಲಿ, ವಾಯುಸೇನೆಯವರು 1957ರಲ್ಲಿ ಈ ಶಾಲೆಯನ್ನು ತೆರೆದರು. ಈಗ ಇದಕ್ಕೆ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಎಂದು ಹೆಸರು. ಎಂ.ಬಿ.ಬಿ.ಎಸ್. ಮುಗಿಸಿದ ವೈದ್ಯರು ಇಲ್ಲಿ ಮೂರು ವರ್ಷ ವ್ಯಾಸಂಗಮಾಡಿ, ಪ್ರಬಂಧವನ್ನೂ ಬರೆದು, ಎಂ.ಡಿ. ಪದವಿಯನ್ನು ಪಡೆಯುವರು. ಅಮೆರಿಕೆಯಲ್ಲಿ ಈ ವಿದ್ಯೆಯನ್ನು 1953ರಿಂದಲೂ ರೋಗಪ್ರತಿಬಂಧಕ ವೈದ್ಯದ ಒಂದು ಶಾಖೆಯೆಂದೇ ಎಣಿಸುತ್ತಾರೆ. ಅದು ಯುಕ್ತವೇ ಸರಿ. ಇಲ್ಲಿ ದೇಹವು ಕೆಟ್ಟಿರುವುದಿಲ್ಲ. ದೇಹವಿರುವ ಸ್ಥಳವೇ ಕೆಟ್ಟದ್ದು.

ಹದಿನೆಂಟು ಸಾವಿರ ಅಡಿ ಏರಿದರೆ ಗಾಳಿಯ ಒತ್ತಡವು ಅರ್ಧಕ್ಕಿಳಿಯುವುದು. ನೂರಕ್ಕೆ 21 ಪಾಲು ಆಮ್ಲಜನಕವು ಅಲ್ಲಿಯೂ ಇದ್ದೇ ಇದೆ. ಒತ್ತಡ ಸಾಲದುದರಿಂದ ಅದು ರಕ್ತಕ್ಕೆ ಬೇಕಾದಷ್ಟು ಸೇರದು. 25,000 ಅಡಿಯಲ್ಲಿ ಮನುಷ್ಯನಿಗೆ ತನ್ನ ಕೆಲಸ ತಾನು ಮಾಡಿಕೊಳ್ಳುವಷ್ಟು ಎಚ್ಚರವಿರುವುದು ಮೂರರಿಂದ ಐದು ನಿಮಿಷ ಮಾತ್ರ. ನೋವಾದರೂ ಉಂಟೇ? ಅದೂ ಇಲ್ಲ, ಅನೇಕರಿಗೆ ಒಂದು ಬಗೆಯ ಉಲ್ಲಾಸವೇ ಆಗುವುದಂತೆ! 1875ರಲ್ಲಿ ಜೆನಿತ್ ಎಂಬ ಬಲೂನಿನಲ್ಲಿ ಏರಿದ ಮೂವರು ಫ್ರೆಂಚರಲ್ಲಿ ಬದುಕಿ ಬಂದವನು ಟಿಸಾಂಡಿಯೆ ಒಬ್ಬನೇ. ಆಮ್ಲಜನಕದ ನಳಿಗೆ ಹತ್ತಿರದಲ್ಲಿಯೇ ಇದ್ದರೂ ಅದನ್ನು ಹಿಡಿಯಲು ತನ್ನ ಕೈ ಏಳಲಿಲ್ಲವೆಂದು ಅವನು ತಿಳಿಸಿದನು. ಆದುದರಿಂದಲೇ ಒತ್ತಡವನ್ನು ತಗ್ಗಿಸುವ ಕೋಣೆಯಲ್ಲಿ ಚಾಲಕರನ್ನು ಕುಳ್ಳಿರಿಸಿ, ತಮ್ಮ ಮತಿ ಮಂಕಾಗುವ ಮೊದಲ ಗುರುತುಗಳನ್ನು ಅವರೇ ಅರಿಯುವಂತೆ ಮಾಡುವರು. ವೇಗವಾಗಿ ತಿರುಗುವ ಯಂತ್ರವೂ ಉಂಟು. ಅದರಲ್ಲಿ ಮೈಯ ಭಾರವು ಹಲವು ಪಟ್ಟಾಗಿ, ರಕ್ತವು ಕಾಲಿನ ಕಡೆಗಿಳಿದು, ಮೊದಲು ದೃಷ್ಟಿಯೂ ಆಮೇಲೆ ಪ್ರಜ್ಞೆಯೂ ಹೋಗುವುದು. ಕಾಲು ಹೊಟ್ಟೆಗಳ ಸ್ನಾಯುಗಳನ್ನು ಬಿಗಿಹಿಡಿದು ತಡೆದುಕೊಳ್ಳುವುದನ್ನು ಕಲಿಯಬೇಕು.

ಯಂತ್ರಗಳ ಮಾತು ಹಾಗಿರಲಿ. ನನ್ನ ಎಣಿಕೆಯಲ್ಲಿ ಈ ವೈದ್ಯನಿಗೆ ಕಠಿಣವಾದ ಪಾಠವು ಬೇರೆಯೇ. ಊರ ವೈದ್ಯನ ಮುಂದೆ ರೋಗಿಯು ಇಲ್ಲದ ಬೇನೆಯನ್ನೂ ಹೇಳಿಕೊಳ್ಳುವನು. ಇವನ ಮುಂದೆ ಚಾಲಕನು ಇರುವುದನ್ನೂ ಮರೆಮಾಚಲು ನೋಡುವನು. ಏಕೆಂದರೆ ವೈದ್ಯನ ಒಂದು ಮಾತಿಗೆ ಅವನ ಹಾರಾಟವು ನಿಲ್ಲಬಹುದು. ಮನೆಯವರ ಅನ್ನವೂ ಅದರಲ್ಲಿಯೇ ಇದೆ. ಮಾತನಾಡದಿದ್ದರೆ ಹೋಗುವುದು ಒಬ್ಬನ ಪ್ರಾಣವಲ್ಲ. ಚಾಲಕನು ತಾನಾಗಿ ಬಂದು ಹೇಳಿಕೊಳ್ಳುವಷ್ಟು ವಿಶ್ವಾಸವನ್ನು ಗಳಿಸುವುದು ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಬಂದೀತು?

ಗಗನಯಾನಕ್ಕಾಗಿ ವಾಯುಸೇನೆಯ ಚಾಲಕರನ್ನು ಆರಿಸುವ ಮೊದಲ ಸುತ್ತು 2019ರಲ್ಲಿ ಇಲ್ಲಿಯೇ ನಡೆಯಿತು. ಕೊನೆಗೆ ಉಳಿದ ನಾಲ್ವರಲ್ಲಿ ಒಬ್ಬರಾದ ಶುಭಾಂಶು ಶುಕ್ಲಾ ಅವರು 2025ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದರು.

ಈ ಶಾಸ್ತ್ರದಿಂದ ಗೃಹಸ್ಥರಿಗೂ ಉಪಯೋಗವುಂಟು. ವಿಮಾನವು ಇಳಿಯುವಾಗ ಕಿವಿಯ ಒಳಗೋಣೆಗೆ ಗಾಳಿಯು ಮೂಗಿನ ಹಿಂದಿನ ಸಣ್ಣ ನಾಳದಿಂದ ಸೇರಬೇಕು; ನೆಗಡಿಯಲ್ಲಿ ಅದು ಬಾತು ಮುಚ್ಚಿರುವುದರಿಂದ ಕಿವಿ ಸಿಡಿಯುವಂತಾಗುವುದು. ನೆಗಡಿ ಬಲವಾಗಿದ್ದರೆ ಪ್ರಯಾಣವನ್ನು ಮುಂದೂಡುವುದು ಲೇಸು. ರಕ್ತಹೀನತೆಯಾಗಲಿ ಹೃದಯ ಶ್ವಾಸಕೋಶಗಳ ಬೇನೆಯಾಗಲಿ ಇದ್ದವರು ಮುಂಚೆಯೇ ವೈದ್ಯರನ್ನು ಕೇಳತಕ್ಕದ್ದು. ಕೈಗೂಸಿದ್ದರೆ ತಾಯಿಯು ಅದನ್ನು ಇಳಿಯುವ ಹೊತ್ತಿಗೆ ಎಬ್ಬಿಸಿ ಹಾಲೂಡಿಸಲಿ. ನುಂಗುವಾಗ ಆ ನಾಳವು ತಾನಾಗಿ ತೆರೆಯುವುದು.